ಸುತ್ತಿಗೆಗೂ ಮೊದಲು ಸೂಜಿ
ವಿಠ್ಠಲವಾಡಿ ಸ್ಟೇಶನ್ನಿನ ಹಿಂದೆ ಹಳೇ ಕಂಪ್ಯೂಟರು ಒಡೆಯುವ ಸೈದಪ್ಪನಂಥ ಮೇಷ್ಟ್ರನ್ನು ಮಾನ್ಯಾ ತನ್ನ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕಂಡಿರಲಿಲ್ಲ. ಮನೆಯವರು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿದ ಕಂಪ್ಯೂಟರಿನೊಳಗೆ, ತೀರಿಹೋದ ಅಜ್ಜಿಯ ಹಾಡಿನ ಸಿಡಿ ಉಳಿದುಬಿಟ್ಟಿದೆಯೆಂದು ಅವಳು ಡೊಂಬಿವಲಿಯಿಂದ ಓಡಿಬಂದರೆ, ವಿಜಯಪುರದ ಈ ಮನುಷ್ಯ ಪಾಠ ಶುರುಮಾಡಿದ. ಯಾರೇ ಬರಲಿ, ಪಾಠ ಕೇಳದೆ ಹೋಗುವಂತಿರಲಿಲ್ಲ. ಹಸಿರು ಪಟ್ಟಿಯೊಂದನ್ನು ಎತ್ತಿ, "ಇದು ರ‍್ಯಾಮ್ ನೋಡ್ರಿ ಅಕ್ಕಾರ, ಕರೆಂಟ್ ಹೋತಂದ್ರ ಎಲ್ಲಾ ಮರೀತೈತಿ," ಎಂದ. ಲೋಹದ ಡಬ್ಬಿಯೊಂದನ್ನು ತಟ್ಟಿ, "ಇದು ಹಾರ್ಡ್ ಡಿಸ್ಕ್, ಇದು ಮರೆಯಂಗಿಲ್ಲ," ಎಂದ. "ಇನ್ನ ಸಿಡಿಗಿ ಗ್ರಾಮೊಫೋನಿನಂಗ ಮುಳ್ಳಿಲ್ಲ, ಏನಿಲ್ಲ. ಬೆಳಕೇ ಮುಟ್ಟಿ ಓದತೈತಿ!" ಎನ್ನುವಾಗ, ಇಪ್ಪತ್ತು ವರ್ಷ ಒಡೆದ ಮೇಲೂ ಅವನ ಕಣ್ಣು ಅರಳಿತು. "ನನ್ನ ಸಿಡಿ ಒಡೆದುಬಿಟ್ರಾ?" ಮಾನ್ಯಾಳಿಗೆ ಅಳುವೇ ಬಂತು. "ಛೇ ಛೇ!" ಎಂದ ಸೈದಪ್ಪ. ಸುತ್ತಿಗೆ ಎತ್ತುವ ಮೊದಲು ಅವನು ಪ್ರತಿ ಸಿಡಿ ಡ್ರೈವಿನ ಮೂತಿಯಲ್ಲಿರುವ ಸಣ್ಣ ತೂತಿಗೆ ಸೂಜಿ ಚುಚ್ಚುತ್ತಾನಂತೆ; ಕರೆಂಟಿಲ್ಲದೆಯೂ ಬಾಗಿಲು ಬಿಚ್ಚಿಕೊಂಡು ಒಳಗಿನ ಸಿಡಿ ಕೈಗೆ ಬರುತ್ತದೆ. ಅಚ್ಚಿನ ಅಕ್ಷರದ ಸಿಡಿಗಳು ಚೀಲಕ್ಕೆ, ಪೆನ್ನಿನಿಂದ ಬರೆದವು ಗೋಡೆಯ ಮೊಳೆಗಳಿಗೆ. ಮಾನ್ಯಾ ತಿರುಗಿ ನೋಡಿದಳು. ನೆಲದಿಂದ ಸೂರಿನವರೆಗೆ ನೂರಾರು ಸಿಡಿಗಳು ಮಿನುಗುತ್ತಿದ್ದವು. "ಯಾರೋ ಕೈಯಾರ ಬರದಿರ್ತಾರಲ್ರಿ, ಹೆಂಗ ಒಡೀಲಿ? ನಿಮ್ಮದು ನೀವೇ ಹುಡುಕಿ ತಗೋರಿ. ನನಗ ಓದಾಕ ಬರಂಗಿಲ್ಲ." ಮೂರನೆಯ ಸಾಲಿನಲ್ಲಿ ಅಜ್ಜಿಯ ಹೆಸರು ಬರೆದ ಸಿಡಿ ಸಿಕ್ಕಿತು: 'ಶಾಂತಮ್ಮ'. ಅದನ್ನು ಎದೆಗೊತ್ತಿಕೊಂಡು ಅವಳು ಹೊರಟಾಗ ಸೈದಪ್ಪ ಸಂಕೋಚದಿಂದ ಕೇಳಿದ: "ಉಳಿದವುಗಳ ಮ್ಯಾಲ ಏನ್ ಬರದಾರ್ರಿ?" ಮಾನ್ಯಾ ಚಪ್ಪಲಿ ಬಿಟ್ಟು, ಮೊದಲ ಸಾಲಿನಿಂದ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದತೊಡಗಿದಳು.