ಕಣದ ಮೇಲೆ ಎಳೆದ ಮನೆ

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಮಲ್ಲಂದೂರಿನ ನಮ್ಮ ಕಾಫಿ ತೋಟದ ಮೇಲಿನ ತಟ್ಟಿನಲ್ಲಿ, ಅಣ್ಣ ಕಟ್ಟಿಸಲಿರುವ ಹೊಸ ಮನೆಗೆ ಮಾರ್ಕಿಂಗ್ ಆಯಿತು. ಚಿಕ್ಕಮಗಳೂರಿನಿಂದ ಬಂದ ಎಂಜಿನಿಯರ್ ದಾರ ಹಿಡಿದರು. ಅವರ ಮೇಸ್ತ್ರಿ ದಾರದಗುಂಟ ಸುಣ್ಣದ ಪುಡಿ ಉದುರಿಸಿದ. ಹಸಿ ಮಣ್ಣಿಗೆ ಬಿದ್ದ ಸುಣ್ಣದ ಘಾಟು ಮೂಗಿಗೆ ಬಂದಾಗ ನನಗೆ ನೆನಪಾದವರು ನಮ್ಮ ತೋಟದ ರೈಟರು. ಆ ಜಾಗ ಅವರದು.

ಪಹಣಿಯಲ್ಲಿ ಅವರ ಹೆಸರಿಲ್ಲ. ಎಲ್ಲಿಯೂ ಇರಲಿಲ್ಲ. ಆದರೂ ಅವರದು ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ಅಪ್ಪ ಅದನ್ನು ಅವರಿಗೆ ಕೊಟ್ಟಾಗ ನಾನು ಅಲ್ಲಿಯೇ ನಿಂತಿದ್ದೆ.

ಆಳುಗಳ ಹಾಜರಿ ಬರೆಯುವುದು, ಯಾರು ತೋಟದ ಯಾವ ಪಟ್ಟೆಗೆ ಕೆಲಸಕ್ಕೆ ಹೋದರು ಎಂದು ಗುರುತು ಹಾಕುವುದು ರೈಟರ ಕೆಲಸ. ನಮ್ಮಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಹೆಂಡತಿ ಮತ್ತು ಮಗಳೊಂದಿಗೆ, ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳ ಕೊನೆಯ ಎರಡು ಕೋಣೆಯಲ್ಲಿ ವಾಸ. ಕೆಲಸ ಬಿಟ್ಟ ದಿನ ಲೈನ್ ಮನೆಯನ್ನೂ ಬಿಡಬೇಕು. ಅದಕ್ಕೇ ಅವರಿಗೆ ತಮ್ಮದೇ ಒಂದು ಮನೆ ಆಗಬೇಕಿತ್ತು.

ಗುಡ್ಡದ ಊರಿನಲ್ಲಿ, ಲೈನಿನ ಹತ್ತಿರ ಸಮತಟ್ಟು ನೆಲವೆಂದರೆ ಕಾಫಿ ಒಣಗಿಸುವ ಕಣ ಒಂದೇ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಪ್ರತಿ ವರ್ಷ ಒಂದು ಭಾನುವಾರ, ರೈಟರು ಬಾಂಡ್ಲಿಯಲ್ಲಿ ಸುಣ್ಣದ ಪುಡಿ ತಂದು ಕಣದ ಮೇಲೆ ತಮ್ಮ ಮನೆಯನ್ನು ಎಳೆಯುತ್ತಿದ್ದರು. ನಕ್ಷೆಯ ಅಳತೆಯಲ್ಲಲ್ಲ, ಪೂರ್ತಿ ಅಳತೆಯಲ್ಲಿ. ಕಾಗದದಲ್ಲಿ ಎಲ್ಲ ಕೋಣೆಯೂ ದೊಡ್ಡದಾಗೇ ಕಾಣುತ್ತದೆ, ಒಳಗೆ ನಡೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ ಎನ್ನುತ್ತಿದ್ದರು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಗೆರೆಗಳ ನಡುವೆ ಓಡಾಡಿ, ಒಲೆಯ ಜಾಗ ಸರಿಯಿಲ್ಲ, ಬಚ್ಚಲು ದೂರವಾಯಿತು ಎಂದು ತಕರಾರು ತೆಗೆಯುತ್ತಿದ್ದರು. ರೈಟರು ಕಾಲಿನಿಂದ ಒಂದು ಗೋಡೆ ಅಳಿಸಿ ಇನ್ನೊಂದು ಹಾಕುತ್ತಿದ್ದರು. ಲೈನಿನವರೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಒಮ್ಮೆ ಒಂದು ದನ ನಡುಮನೆಯೊಳಗೆ ಬಂದು ನಿಂತಾಗ ತೋಟದ ಮೇಸ್ತ್ರಿ ಕೂಗಿದ್ದು ನೆನಪಿದೆ: "ರೈಟ್ರೇ, ಬಾಗ್ಲು ಹಾಕ್ಕೊಳ್ಳಿ ಮಾರಾಯ್ರೇ, ನೆಂಟ್ರು ಬಂದ್ರು."

ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾಗ, ಅಂಥದೇ ಒಂದು ಭಾನುವಾರ ಅಪ್ಪ ಕಣಕ್ಕೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೆರೆಯ ಬಾಗಿಲಿನಿಂದಲೇ ಒಳಗೆ ಹೋಗಿ, ಕೋಣೆ ಕೋಣೆ ನೋಡಿ, ಹೊರಗೆ ಬಂದು ಹೇಳಿದರು: "ಮೇಲಿನ ತಟ್ಟು ನಿಮ್ಗೇ ರೈಟ್ರೇ. ಮುಂದಿನ್ ಸಲ ಗೆರೆ ಅಲ್ಲೇ ಹಾಕ್ಕೊಳ್ಳಿ." ರೈಟರ ಹೆಂಡತಿ ಅಳುತ್ತಿದ್ದರು. ರೈಟರು ಬಾಂಡ್ಲಿ ಕೆಳಗಿಟ್ಟು ಕೈಯ ಸುಣ್ಣ ಒರೆಸಿಕೊಂಡು ಅಪ್ಪನಿಗೆ ಕೈಮುಗಿದರು.

ಒಂದು ಕಾಗದ ಬರೆಸಿಕೊಳ್ಳಿ ಎಂದು ಮಾರನೆಯ ವಾರ ನಾನೇ ಅವರಿಗೆ ಹೇಳಿದ್ದೆ. ಆಳುಗಳಿಗೆ ಒಂದು ಕಂಬಳಿ ಕೊಟ್ಟರೂ, ಒಂದು ಕತ್ತಿ ಕೊಟ್ಟರೂ ಹೆಬ್ಬೆಟ್ಟು ಒತ್ತಿಸಿಕೊಳ್ಳದೆ ಬಿಡುತ್ತಿರಲಿಲ್ಲ ಆ ಮನುಷ್ಯ. ನನ್ನ ಮಾತು ಕೇಳಿ ಅವರ ಮುಖ ಕೆಂಪಾಯಿತು. "ಸಾವ್ಕಾರ್ರ ಬಾಯಿಂದ ಬಂದಿದ್ದಕ್ಕೆ ಕಾಗ್ದ ಕೇಳೋದಾ? ಏನ್ ಸಣ್ಣಮ್ಮಾವ್ರೇ, ನನ್ನ ಮರ್ಯಾದಿ ಏನಾಗ್ತದೆ?"

ಎರಡು ವರ್ಷದಲ್ಲಿ ಅಪ್ಪ ತೀರಿಕೊಂಡರು. ತೋಟ ಅಣ್ಣನ ಕೈಗೆ ಬಂತು, ಖಾತೆ ನಮ್ಮಿಬ್ಬರ ಹೆಸರಿಗೂ ಆಯಿತು. ಅಷ್ಟರಲ್ಲಿ ರೈಟರು ಪಾಯಕ್ಕೆಂದು ಸೈಜುಗಲ್ಲು ತರಿಸಿ ಮೇಲಿನ ತಟ್ಟಿನಲ್ಲಿ ಪೇರಿಸಿದ್ದರು. ಕಟ್ಟಲು ಶುರು ಮಾಡಲೇ ಎಂದು ಕೇಳಿದಾಗಲೆಲ್ಲ ಅಣ್ಣ ಮುಂದೆ ಹಾಕಿದ. ಮೊದಲು ಅಪ್ಪನ ವರ್ಷಾಬ್ದಿ ಮುಗಿಯಲಿ ಅಂದ. ಆಮೇಲೆ ಕೊಯ್ಲು ಮುಗಿಯಲಿ ಅಂದ. ಆ ತಟ್ಟಿನಿಂದ ಮೂರು ಸಾಲು ಬೆಟ್ಟ ಕಾಣುತ್ತದೆ ಎಂಬುದು ಅವನಿಗೆ ಯಾರೋ ಸ್ನೇಹಿತರು ಬಂದು ಹೊಗಳಿದ ಮೇಲೆ ತಿಳಿದದ್ದು.

ಗೌರಿ ಹಬ್ಬಕ್ಕೆ ನಾನು ಊರಿಗೆ ಬಂದಿದ್ದೆ. ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿ ಆಗಲೇ ನಾಲ್ಕು ವರ್ಷವಾಗಿತ್ತು. ರೈಟರು ಜಗಲಿಯ ಕೆಳಗೆ, ಅಂಗಳದಲ್ಲಿ ನಿಂತು ಮತ್ತೊಮ್ಮೆ ಕೇಳಿದರು. ಅಣ್ಣ ಕಾಫಿ ಲೋಟ ಕೆಳಗಿಟ್ಟ.

"ಅಪ್ಪ ಹೇಳಿದ್ದು ಎಲ್ಲಿ ಬರ್ದಿದೆ, ತೋರ್ಸಿ ರೈಟ್ರೇ. ಎಲ್ಲ ಬರ್ದಿಡೋರು ನೀವೇ ಅಲ್ವಾ?"

ಹಾಜರಿಗೆಂದು ಬಂದ ಆಳುಗಳಲ್ಲಿ ಒಬ್ಬಿಬ್ಬರು ನಕ್ಕರು. ರೈಟರು ನನ್ನ ಕಡೆ ನೋಡಿದರು. ನಾನು ಅಣ್ಣನ ಪಕ್ಕದ ಕುರ್ಚಿಯಲ್ಲೇ ಇದ್ದೆ. ಆಳುಗಳ ಎದುರು ಮನೆಯ ಗಂಡಸಿನ ಮಾತಿಗೆ ಹೆಣ್ಣುಮಕ್ಕಳು ಎದುರಾಡಬಾರದು ಎಂಬುದು ನಮ್ಮ ಮನೆಯ ರೂಢಿ. ಕಂಡದ್ದನ್ನು ಕಂಡ ಹಾಗೆ ಬರೆಯುವ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದವಳು ಆ ರೂಢಿಯನ್ನು ಪಾಲಿಸಿದೆ. ರೈಟರು ಹಾಜರಿ ಪುಸ್ತಕ ಜಗಲಿಯ ಮೇಲಿಟ್ಟು ಹೋದರು. ವಾರದೊಳಗೆ ಲೈನ್ ಮನೆ ಖಾಲಿಯಾಯಿತು.

ಅವರಿಗೆ ಹೊರನಾಡಿನ ದೇವಸ್ಥಾನದ ಹತ್ತಿರ ಒಂದು ವಸತಿಗೃಹದಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿತಂತೆ. ಮೆಟ್ಟಿಲ ಕೆಳಗಿನ ಕೋಣೆಯೇ ಮನೆ. ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ತಲುಪಿದಾಗ ತಿಂಗಳು ಕಳೆದಿತ್ತು. ಆ ಸಾವಿನ ಸಿಟ್ಟನ್ನು ನಾನು ಇಷ್ಟು ವರ್ಷ ಅಣ್ಣನ ಮೇಲೆ ಹಾಕುತ್ತಾ ಬಂದಿದ್ದೇನೆ. ಅವನಿಗೆ ಸಲ್ಲಬೇಕಾದ್ದು ಅರ್ಧ ಮಾತ್ರ.

ಸೋಮವಾರ ಮಾರ್ಕಿಂಗ್ ಮುಗಿದ ಮೇಲೆ ಅಣ್ಣ ಪಂಚಾಯ್ತಿ ಲೈಸೆನ್ಸಿಗೆ ಬೇಕಾದ ಒಪ್ಪಿಗೆ ಪತ್ರ ತಂದು ನನ್ನ ಮುಂದಿಟ್ಟ. ಖಾತೆ ಜಂಟಿಯಾದ್ದರಿಂದ ನನ್ನ ಸಹಿ ಬೇಕು. ಈ ತಟ್ಟು ರೈಟರ ಮಗಳ ಹೆಸರಿಗೆ ಆಗದೆ ಹಾಕುವುದಿಲ್ಲ ಎಂದೆ. ಎಂಜಿನಿಯರು ಟೇಪು ಸುತ್ತಿಕೊಳ್ಳುತ್ತಾ ದೂರ ಸರಿದರು.

"ಸತ್ತೋರಿಗೆ ಸೈಟ್ ಕೊಡ್ಬೇಕಾ ಮಾರಾಯ್ತಿ? ನಿಂಗೇನು, ನಾಳೆ ಬಸ್ ಹತ್ತಿ ಹೋಗ್ತೀಯ," ಎಂದ ಅಣ್ಣ.

"ಅಪ್ಪ ಕೊಟ್ಟಾಗ ನಾನಿದ್ದೆ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

"ಈಗ ಹೇಳ್ತೀಯಾ?" ಎಂದ.

ರೈಟರ ಮಗಳು ಈಗ ಕಳಸದಲ್ಲಿ ಟೀಚರ್. ತಾಯಿಯೂ ಅವಳ ಜೊತೆಗೇ, ಬಾಡಿಗೆ ಮನೆಯಲ್ಲಿ. ಮಂಗಳವಾರ ಫೋನ್ ಮಾಡಿ ವಿಷಯ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡಳು. ದನಿ ಎತ್ತರಿಸಲಿಲ್ಲ.

"ಅಕ್ಕಾ, ಅಪ್ಪ ಕೊನೇವರೆಗೂ ಹೇಳ್ತಿದ್ರು, ಸಣ್ಣಮ್ಮಾವ್ರು ಹೇಳ್ತಾರೆ, ಅವ್ರು ನೋಡಿದಾರೆ ಅಂತ. ನಮ್ಗೀಗ ಆ ಜಾಗ ಬೇಡ. ನೀವು ಅಮ್ಮಂಗೆ ಮಾತ್ರ ಫೋನ್ ಮಾಡ್ಬೇಡಿ."

ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿಲ್ಲ. ಗುರುವಾರ ಬೆಳಿಗ್ಗೆ, ಲೈಸೆನ್ಸ್ ಬರುವ ಮೊದಲೇ, ಮೇಲಿನ ತಟ್ಟಿಗೆ ಜೆಸಿಬಿ ಹತ್ತಿದೆ. ನಿನ್ನೆ ಸಂಜೆಯ ಹೊತ್ತಿಗೆ ಮೂರು ಮೂಲೆಗಳಲ್ಲಿ ಪಾಯ ತೋಡಿ ಆಗಿತ್ತು.