ಕಾಕಾರ ಅಡಿಪಟ್ಟಿ

ಕಾಕಾರ ಕೋಟಿನ ಜೇಬಿನಿಂದ ಒಂದು ಮರದ ಅಡಿಪಟ್ಟಿ ಸದಾ ಇಣುಕುತ್ತಿತ್ತು. ಇಂಚಿನ ಗುರುತುಗಳೆಲ್ಲ ಸವೆದಿದ್ದವು. ಅಳೆಯಲು ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಇಂಗ್ಲೆಂಡಿನ ಲೆಸ್ಟರಿನ ನಮ್ಮ ವಾರ್ಡಿನಲ್ಲಿ ಚುನಾವಣೆ ಬಂದಾಗಲೆಲ್ಲ ಕಾಕಾ ಪೋಲ್ ಕ್ಲರ್ಕ್. ವೋಟು ಹಾಕಲು ಬಂದವರ ಹೆಸರಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆಯುವುದು ಅವರ ಕೆಲಸ. "ಗೆರಿ ಸೊಟ್ಟಾತಂದ್ರ ಕೆಳಗಿನವನ ಹೆಸರು ಹೋಗ್ತೈತಿ ತಂಗಿ. ಅಂವ ಪಾಪ ಸಂಜೀಕೆ ಬಂದು ಏನ್ ಮಾಡ್ಬೇಕು?" ಎನ್ನುತ್ತಿದ್ದರು.

ಧಾರವಾಡದ ಕಡೆಯವರು, ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅವರ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅಪ್ಪ ಅಮ್ಮ ಮೈಸೂರಿನಲ್ಲಿ ಊದುಬತ್ತಿ ಹೊಸೆದು ಓದಿಸಿದ ಮಗಳು ನಾನು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಸ್ಕಾಲರ್‌ಶಿಪ್ ಪಡೆದು ಎಂ.ಎ.ಗೆ ಬಂದಿದ್ದೆ. ಅಮೆರಿಕ ಹೊಸ ದೇಶವಾಗಿದ್ದಾಗ ನ್ಯೂಯಾರ್ಕಿನ ಕಪ್ಪು ಜನರಿಗೆ ಇದ್ದ ಮತದಾನದ ಹಕ್ಕು ಏನಾಯಿತು ಎಂಬುದು ನನ್ನ ಪ್ರಬಂಧ. ಮೊದಲ ಕರಡನ್ನು ನನ್ನ ಗೈಡ್ ಮೇಡಂ ವಾಪಸ್ ಕೊಟ್ಟರು. ಕಾನೂನೆಲ್ಲ ಇದೆ, ಮನುಷ್ಯರೇ ಇಲ್ಲ. ಹೀಗೇ ಬಿಟ್ಟರೆ ಪಾಸಾಗುವುದು ಕಷ್ಟ ಎಂದರು. ಕಾಕಾರ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

"ಅಳೂದು ಆಮ್ಯಾಲೆ. ಕಾನೂನು ಏನೈತಿ ಹೇಳು," ಎಂದರು ಕಾಕಾ.

ಹೇಳಿದೆ. 1821ರಲ್ಲಿ ನ್ಯೂಯಾರ್ಕ್ ತನ್ನ ಸಂವಿಧಾನ ತಿದ್ದಿತು. ಬಿಳಿಯ ಗಂಡಸಿಗೆ ಆಸ್ತಿ ಬೇಡ, ರಸ್ತೆ ಕೆಲಸ ಮಾಡಿದ್ದರೂ ವೋಟು. ಕಪ್ಪು ಗಂಡಸಿಗೆ ಮಾತ್ರ ಇನ್ನೂರೈವತ್ತು ಡಾಲರಿನ ಆಸ್ತಿ ಇರಲೇಬೇಕು. ಅದಕ್ಕೂ ಮೊದಲು, ಅಷ್ಟಿಲ್ಲದೆಯೂ ವೋಟು ಹಾಕುತ್ತಿದ್ದ ಕಪ್ಪು ಜನರಿದ್ದರು.

ಕಾಕಾ ಟೇಬಲ್ ಖಾಲಿ ಮಾಡಿ ಅಡಿಪಟ್ಟಿಯನ್ನು ನನ್ನ ಮುಂದಿಟ್ಟರು. "ನೀ ಪೋಲ್ ಕ್ಲರ್ಕ್. ನಾವು ವೋಟು ಹಾಕಾವ್ರು."

ಮೊದಲು ಅವರ ಹೆಂಡತಿ ಕಾಕೂ ಬಂದರು, ಕೈಯಲ್ಲಿ ಲಟ್ಟಣಿಗೆ. "ನಾ ಬಿಳೀ ಮನಷ್ಯಾ. ಮನೀ ಇಲ್ಲ, ಹೊಲ ಇಲ್ಲ. ರಸ್ತೇಕ ಕಲ್ಲು ಹಾಕೀನಿ." ಒಳಗೆ ಬಿಟ್ಟೆ. ಕಾಕೂ ಇಲ್ಲದ ಮೀಸೆ ತಿರುವುತ್ತ ಫ್ರಿಜ್ ಕಡೆ ನಡೆದರು. ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಕಾಕಾ. "ನಾ ಕಪ್ಪು ಮನಷ್ಯಾರಿ. ಬಾಡಿಗಿ ಜಾಗಾದಾಗ ಕಟಿಂಗ್ ಅಂಗಡಿ ಇಟ್ಟೀನ್ರಿ."

"ಇನ್ನೂರೈವತ್ತು ಡಾಲರಿನ ಆಸ್ತಿ ಇದೆಯಾ?"

"ಇಲ್ರಿ."

"ಹಾಗಾದ್ರೆ ವೋಟಿಲ್ಲ."

"ಹೋದ ಸಲ ಹಾಕಿದ್ನಲ್ರಿ ಮೇಡಂ. ನನ್ನ ಹೆಸರಿನ ಮ್ಯಾಲೆ ಗೆರಿ ಎಳದವ್ರು ನೀವ ಅಲ್ಲೇನ್ರಿ?"

ಅಡಿಪಟ್ಟಿಯನ್ನು ಅತ್ತಿತ್ತ ಸರಿಸಿದೆ. ಕಾಕಾ ಕದಲಲಿಲ್ಲ. ಆಟವೆಂದು ಗೊತ್ತಿದ್ದೂ ಅವರ ಮುಖ ನೋಡಲಾಗಲಿಲ್ಲ. "ಲಗೂನ ಏನರ ಹೇಳವಾ, ಚಪಾತಿ ಹೊತ್ತಾಕತ್ತೈತಿ," ಎಂದರು ಕಾಕೂ.

ಮರುದಿನ ಬೆಳಿಗ್ಗೆ ಪ್ರಬಂಧವನ್ನು ಹೊಸದಾಗಿ ಶುರು ಮಾಡಿದೆ, ಹಿಂದಿನ ಸಲ ವೋಟು ಹಾಕಿ ಈ ಸಲ ಬಾಗಿಲಲ್ಲೇ ನಿಂತವರಿಂದ. ಡಿಸ್ಟಿಂಕ್ಷನ್ ಬಂತು. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಪ್ರಬಂಧ ವಿವರಿಸಿದವರು ಕಾಕೂ, ಮೀಸೆ ಸಮೇತ.

ಭಾರತದ ಪಾಸ್‌ಪೋರ್ಟಿನವಳಾದರೂ ಕಾಮನ್‌ವೆಲ್ತ್ ದೇಶದವಳಾದ್ದರಿಂದ ಇಲ್ಲಿ ನನಗೆ ವೋಟಿದೆ ಎಂದು ತಿಳಿಸಿ, ಹೆಸರು ಸೇರಿಸಿದವರೂ ಕಾಕಾ. ಈಗ ಅವರಿಗೆ ಕಣ್ಣು ಮಂಜು. ಕಳೆದ ಚುನಾವಣೆಯಲ್ಲಿ ಅವರ ಕುರ್ಚಿಯಲ್ಲಿ ನಾನಿದ್ದೆ, ಅವರು ಕೊಟ್ಟ ಅಡಿಪಟ್ಟಿಯೊಂದಿಗೆ. ಕಾಕಾ, ಕಾಕೂ ಇಬ್ಬರೂ ವೋಟು ಹಾಕಲು ಬಂದರು.

"ಬನ್ನಿ ಕಾಕಾ," ಎಂದು ಮತದಾರರ ಪಟ್ಟಿಯಲ್ಲಿ ಅವರ ಹೆಸರು ಹುಡುಕತೊಡಗಿದೆ.

"ಕಾಕಾ ಮನ್ಯಾಗ. ಇಲ್ಲಿ ಹೆಸರು ಕೇಳು, ಎಲ್ಲಾರಿಗೂ ಕೇಳಿದಂಗ."

ಕೇಳಿದೆ. ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ ಪೂರ್ತಿ ಹೇಳಿ, ಗುರುತಿಗೆಂದು ಫೋಟೋ ಇರುವ ಬಸ್ ಪಾಸ್ ತೋರಿಸಿದರು. ಗೆರೆ ಎಳೆದೆ. ಅವರು ಮುಂದೆ ಹೋಗಲಿಲ್ಲ. ಹಾಳೆಯ ಮೇಲೆ ಬಾಗಿ, ಕಣ್ಣು ಕಿರಿದು ಮಾಡಿ, ತಮ್ಮ ಹೆಸರಿನ ಕೆಳಗಿನ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದು ಕಾಕೂ ಅವರ ಹೆಸರು.

"ಉಳದೈತಿ," ಎಂದರು.

"ಉಳದಿದ್ರ ಸರೀರಿ ಮತ್ತ. ನನ್ನ ಪಾಳಿ," ಎಂದು ಕಾಕೂ ಮೀಸೆ ತಿರುವಿದರು.