ಅಡ್ಡ ಬಾರದ ದನ

ಹೋದ ವಾರ ಹಾಸನದ ನಮ್ಮ ಬೀದಿಯಲ್ಲಿ ಯಾರೋ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಹಸಿರು ಪೇಂಟು, ಅದಕ್ಕೆ ಬೆರೆಸಿದ ಟರ್ಪೆಂಟೈನಿನ ವಾಸನೆ. ತರಕಾರಿ ಚೀಲ ಹಿಡಿದವನು ಅಲ್ಲೇ ನಿಂತುಬಿಟ್ಟೆ. ಕಾಲಡಿಯ ನೆಲ ಎಡಕ್ಕೆ ವಾಲಿದ ಹಾಗಾಯಿತು...

ನಮ್ಮೂರು ವನಗೂರಿನಲ್ಲಿ ಪಕ್ಕದ ಕಾಫಿ ತೋಟದ ಗೌಡರ ಶೆಡ್ಡಿನಲ್ಲಿ ಇದೇ ವಾಸನೆ ಇರುತ್ತಿತ್ತು. ಸೈನ್ಯದವರು ಹರಾಜು ಹಾಕಿದ್ದ ಜೀಪೊಂದನ್ನು ಅವರ ತಂದೆ ಯಾವ ಕಾಲದಲ್ಲೋ ತಂದಿದ್ದರಂತೆ. ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಗಾಡಿಯನ್ನು ಗೌಡರು ಒಂದೊಂದೇ ನಟ್ಟು ಬಿಚ್ಚಿ ರಿಪೇರಿಗೆ ಕೂತಿದ್ದರು. ನಾನಾಗ ಕಾಲೇಜಿನಲ್ಲಿ ಪಾಠ ಹೇಳಲು ಶುರು ಮಾಡಿದ್ದೆ. ರಜೆಗೆ ಊರಿಗೆ ಹೋದರೆ ಹೆಚ್ಚು ಹೊತ್ತು ಅವರ ಶೆಡ್ಡಿನಲ್ಲೇ.

ಎಂಜಿನ್ ಬೇಗ ಮಾತು ಕೇಳಿತು. ಸತಾಯಿಸಿದ್ದು ಗಾಡಿಯ ಭಾರ ಹೊರುವ, ಬಿಲ್ಲಿನ ಹಾಗೆ ಬಾಗಿದ ಸ್ಪ್ರಿಂಗ್ ಪಟ್ಟಿಗಳು. ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವನ್ನು ಬಿಡಿಸಿ, ಉಜ್ಜಿ, ಗ್ರೀಸು ಹಚ್ಚಿ ಮತ್ತೆ ಜೋಡಿಸಿದರು. ಮುಂದಿನ ಎಡಗಡೆಯ ದೊಡ್ಡ ಪಟ್ಟಿ ಮಾತ್ರ ತುದಿಯಲ್ಲಿ ಬಿರುಕು ಬಿಟ್ಟಿತ್ತು. ಬೇರೆ ಪಟ್ಟಿ ಸಕಲೇಶಪುರದಲ್ಲೇ ಸಿಗುತ್ತಿತ್ತು. ಆದರೆ ಗೌಡರಿಗೆ ಮಿಲಿಟರಿ ಗಾಡಿಯಲ್ಲಿ ಮಿಲಿಟರಿ ಕಬ್ಬಿಣವೇ ಇರಬೇಕು. ಇಂಥ ಪಟ್ಟಿಗೆ ಬೆಸುಗೆ ಹಾಕಬಾರದು, ಹಾಕಿದರೆ ಪಕ್ಕದಲ್ಲೇ ಮುರಿಯುತ್ತದೆ ಎಂದು ನನಗೆ ಹೇಳಿಕೊಟ್ಟವರೂ ಅವರೇ. ಆದರೂ ಬೆಸುಗೆ ಹಾಕಿಸಿ, ಮೇಲೆ ಹಸಿರು ಬಣ್ಣ ಬಳಿದರು. ತಾವೊಬ್ಬರೇ ಓಡಿಸುವ ಗಾಡಿ, ಏನಾದೀತು ಎಂದುಕೊಂಡಿದ್ದರು.

ಸಂಜೆ ಹಣ್ಣು ತೂಕವಾದ ಮೇಲೆ ಗೌಡರು ಸ್ಟೋರಿನ ಕಟ್ಟೆಯಲ್ಲಿ, ತೋಟದ ಕೂಲಿಮನೆಗಳ ಸಾಲಿನ ಲೈನಿನವರ ಜೊತೆ ಕೂರುವುದು ರೂಢಿ. ಕಾಫಿ ಕುಯ್ಯುವ ಹೆಂಗಸರಲ್ಲಿ ಹಿರಿಯರಾದ, ಎಲ್ಲರೂ ಅವ್ವ ಎನ್ನುತ್ತಿದ್ದವರು, ಆ ಜೀಪಿನ ವಿಷಯದಲ್ಲಿ ಗೌಡರ ಕಾಲೆಳೆಯದ ಸಂಜೆಯಿಲ್ಲ.

"ಅದ್ರ ಮಂಡಿ ನೋವು ವಾಸಿ ಆಯ್ತಾ ಗೌಡ್ರೆ? ನಂದೂ ಒಸಿ ನೋಡಿ ಮತ್ತೆ."

"ನಿನ್ ಮಂಡಿಗೂ ಗ್ರೀಸ್ ಹಾಕನ, ಕುಂತ್ಕ."

ಕುಯ್ಲಿನ ದಿನಗಳಲ್ಲೊಮ್ಮೆ ತೋಟದ ಇನ್ನೊಂದು ಜೀಪು ಸಕಲೇಶಪುರಕ್ಕೆ ಹೋಗಿತ್ತು. ಮೇಲಿನ ತೋಟದಿಂದ ಹೆಂಗಸರನ್ನೂ ಹಣ್ಣಿನ ಮೂಟೆಗಳನ್ನೂ ಕೆಳಗೆ ತರಬೇಕಿತ್ತು. ಗೌಡರು ಹಸಿರು ಜೀಪು ತೆಗೆದರು. ನಾನು ಪಕ್ಕದಲ್ಲಿ ಕೂತೆ.

ಬರುವಾಗ, ಇಳಿಜಾರಿನ ತಿರುವಿನಲ್ಲಿ ಕೆಳಗೆ ಟಣ್ ಎಂದಿತು. ಗೌಡರು ಸ್ಟೇರಿಂಗನ್ನು ಬಲಕ್ಕೆ ಎಳೆಯುತ್ತಿದ್ದರು, ಗಾಡಿ ಎಡಕ್ಕೆ ಹೋಗುತ್ತಿತ್ತು. ಎಡಕ್ಕೆ ಕಣಿವೆ... ಸಿಲ್ವರ್ ಓಕ್ ಮರವೊಂದು ನಮ್ಮನ್ನು ತಡೆದಾಗ ನನ್ನ ಕಡೆಯ ಚಕ್ರದ ಕೆಳಗೆ ನೆಲ ಇರಲಿಲ್ಲ. ಮೂಟೆಯೊಂದು ಬಾಯಿ ಬಿಚ್ಚಿ, ಹಣ್ಣು ಕಣಿವೆಗೆ ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಈಗಲೂ ನಿದ್ದೆಯಲ್ಲಿ ಒಮ್ಮೊಮ್ಮೆ ಆ ಮರ ಅಲ್ಲಿ ಇರುವುದಿಲ್ಲ.

ಗೌಡರು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹಿಂದಿನಿಂದ ಇಳಿದರು. ಯಾರಿಗೂ ಗಾಯವಿಲ್ಲ. ಮುರಿದ ಪಟ್ಟಿಯನ್ನು ಎಲ್ಲರೂ ಬಗ್ಗಿ ನೋಡಿದರು. ಬೆಸುಗೆ ಹಾಕಿಸಿದ್ದು ಲೈನಿನವರಿಗೂ ಗೊತ್ತಿತ್ತು.

ಸದ್ದು ಕೇಳಿ ಗೌಡರ ತಮ್ಮ ಓಡಿ ಬಂದರು. ಆ ಜೀಪನ್ನು ಗುಜರಿಗೆ ಹಾಕೆಂದು ಮೊದಲಿನಿಂದ ಹಂಗಿಸುತ್ತಿದ್ದವರು ಅವರು. ಏನಾಯಿತೆಂದು ಕೇಳಿದರು. ಗೌಡರು ಬಾಯಿ ತೆರೆದರು. ಅಷ್ಟರಲ್ಲಿ ಅವ್ವ, ಸೆರಗು ಎಳೆದುಕೊಳ್ಳುತ್ತ, "ದನ ಅಡ್ಡ ಬಂತು ಕಣ್ರಪ್ಪ. ಗೌಡ್ರಾಗಿದ್ದಕ್ಕೆ ಉಳ್ಕಂಡ್ವಿ," ಅಂದರು. ಉಳಿದ ಹೆಂಗಸರೂ ಹೌದೆಂದರು. ಯಾರೂ ಅವರಿಗೆ ಹಾಗೆ ಹೇಳಿ ಎಂದಿರಲಿಲ್ಲ. ಅಣ್ಣನ ಬೆನ್ನನ್ನು ತಮ್ಮ ತಟ್ಟಿದರು. ಗೌಡರು ತೆರೆದ ಬಾಯಿ ಮುಚ್ಚಿಕೊಂಡರು.

ಅಂದಿನಿಂದ ಅವರು ಕಟ್ಟೆಗೆ ಬರಲಿಲ್ಲ. ತೂಕಕ್ಕೆ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರೇ ಬರುತ್ತಿದ್ದರು. ಹೆಂಗಸರು ಎದುರಾದರೆ ಗೌಡರು ಗಿಡಗಳ ನಡುವೆ ನುಗ್ಗಿ ಬೇರೆ ದಾರಿ ಹಿಡಿಯುತ್ತಿದ್ದರು. ಜೀಪನ್ನು ಮತ್ತೆ ಮುಟ್ಟಲಿಲ್ಲ. ಯಾಕೆ ಹೀಗೆ ಎಂದು ಒಮ್ಮೆ ನಾನೇ ಕೇಳಿದೆ.

"ನಿಜ ಹೇಳನ ಅಂತ ಬಾಯಿ ತೆಗ್ದಿದ್ದೆ ಕಣೋ. ಈಗ ಹೇಳುದ್ರೆ ಅವ್ವ ಸುಳ್ಳಿ ಆಗ್ತಾಳೆ. ನಾನು ಅವಳ ಜೀವ ತೆಗೀತಿದ್ದೆ, ಅವಳು ನನ್ ಮಾನ ಕಾದ್ಲು. ಯಾವ ಮುಖ ಇಟ್ಕಂಡು ಎದ್ರಿಗೆ ಕುಂತ್ಕಳ್ಲಿ ಮಾರಾಯ?"

ಈ ಸಲದ ಮಳೆಗಾಲಕ್ಕೆ ಮೊದಲೇ ಗೌಡರು ತೀರಿಕೊಂಡರು. ತಿಥಿಗೆ ಹೋಗಿದ್ದೆ. ಜಗಲಿಯಲ್ಲಿ ಅವರ ತಮ್ಮ ನೆಂಟರಿಗೆ ದನದ ಕಥೆ ಹೇಳುತ್ತಿದ್ದರು. ಅಣ್ಣನ ಕೈಯಲ್ಲಿ ಸ್ಟೇರಿಂಗ್ ಇಲ್ಲದಿದ್ದರೆ ಅಷ್ಟೂ ಜನ ಕಣಿವೆ ಪಾಲು ಎಂದು ಕಣ್ಣೊರೆಸಿಕೊಂಡರು. ಅಂಗಳದಲ್ಲಿ ಲೈನಿನವರ ಜೊತೆ ಅವ್ವ ಕೂತಿದ್ದರು. ಬಹಳ ಸೊರಗಿದ್ದರು. ನನ್ನನ್ನು ಕಂಡು ಹತ್ತಿರ ಕರೆದರು.

"ನಮ್ ಮೇಲೆ ಅವ್ರಿಗೆ ಯಾಕ್ ಮೇಷ್ಟ್ರೆ ಅಷ್ಟ್ ಸಿಟ್ಟು? ನಾವೇನ್ ಮಾಡಿದ್ವಿ?"

ಸಿಟ್ಟಲ್ಲ ಅವ್ವಾ, ನಾಚಿಕೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಒಂದಿನ ಬಂದು ಕುಂತಿದ್ರೆ ಆಗಿತ್ತು. ಚೆನ್ನಾಗಿ ಬಯ್ದು, ನಕ್ಕು, ಮುಗಿಸ್ಬುಡ್ತಿದ್ವಿ."

ಗೌಡರಿಲ್ಲ. ಆ ಮನೆಯವರು ಎಲ್ಲಿ ಸಿಕ್ಕಿದರೂ ದನದ ಕಥೆ ಹೇಳುತ್ತಾರೆ. ನಾನು ಕೊನೆತನಕ ಕೇಳುತ್ತೇನೆ. ಕಣ್ಣು ಮಾತ್ರ ನೆಲ ಬಿಟ್ಟು ಮೇಲೇಳುವುದಿಲ್ಲ.